ನಮ್ಮ ಸೈಟಿನ ಬೂದುಗುಂಬಳ

ಆಯುಧಪೂಜೆಯ ಮಾರನೆಯ ದಿನ ನಮ್ಮ ಬಡಾವಣೆಯ ರಸ್ತೆಗಳಲ್ಲಿ ನಡೆಯುವುದೆಂದರೆ ನನಗೆ ಹೇಸಿಗೆ. ಮನೆಮನೆಯ ಮುಂದೆಯೂ ಒಡೆದ ಬೂದುಗುಂಬಳ ಬಿದ್ದಿರುತ್ತದೆ. ಕುಂಕುಮದಲ್ಲಿ ಕಲಸಿಹೋದ ಬಿಳಿ ತಿರುಳು, ಅದರ ಮೇಲೆ ಟೈರಿನ ಗುರುತು, ಪಕ್ಕದಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು, ಬಾಡಿದ ಬಾಳೆಕಂದು. ಬಿಸಿಲೇರುವಷ್ಟರಲ್ಲಿ ಹುಳಿನಾತ ಶುರುವಾಗುತ್ತದೆ. ನೊಣಗಳಿಗೆ ಅಂದೇ ಹಬ್ಬ. ಹಾಲಿನವರ ಸ್ಕೂಟರು ಒಂದಾದರೂ ಜಾರದೆ ಇರುವುದಿಲ್ಲ. ದೃಷ್ಟಿ ತೆಗೆದ ಕಾಯಿಯನ್ನು ಮುಟ್ಟಬಾರದು, ದಾಟಲೂಬಾರದು ಎಂದು ಎಲ್ಲರೂ ಬಟ್ಟೆ ಎತ್ತಿ ಹಿಡಿದು ಸುತ್ತುಹಾಕಿಕೊಂಡು ಹೋಗುತ್ತಾರೆ. ಒಡೆದವರು ಮಾತ್ರ ಬಾಗಿಲು ಹಾಕಿಕೊಂಡು ಕಡ್ಲೆಪುರಿ ತಿನ್ನುತ್ತಾ ಕೂತಿರುತ್ತಾರೆ. ಬಳಿಯುವ ಕೆಲಸ ಪೌರಕಾರ್ಮಿಕ ಹೆಂಗಸರದು. ಅವರಿಗೆ ದೃಷ್ಟಿ ತಗಲುವುದಿಲ್ಲ ಎಂದು ಯಾರು ತೀರ್ಮಾನ ಮಾಡಿದರೋ ನನಗೆ ಗೊತ್ತಿಲ್ಲ.

ಒಂದು ವರ್ಷ ಹಾಗೆ ನಮ್ಮ ರಸ್ತೆಯಲ್ಲಿ ಬಿದ್ದಿದ್ದ ಕಾಯಿಗಳೆಲ್ಲ ನಾವು ಬೆಳೆದವು. ತಿನ್ನುವುದಕ್ಕೆಂದು ಬೆಳೆದವು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮದು ಪುಟ್ಟೇನಹಳ್ಳಿಯ ಹಳೆಯ ಮನೆ. ನಾನು ಚಿಕ್ಕವಳಿದ್ದಾಗ ಅಪ್ಪ ರಾಗಿ, ಅವರೆ, ತರಕಾರಿ ಬೆಳೆಯುತ್ತಿದ್ದರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಬಾಡಿಗೆ ಬೆಳೆಯುತ್ತಿದ್ದರು. ಹೊಲವೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾಗಿ, ಕೊನೆಗೆ ಉಳಿದದ್ದು ನಾವಿರುವ ಈ ಕಟ್ಟಡ, ಅದರ ಪಕ್ಕದಲ್ಲಿ ಒಂದು ಖಾಲಿ ಸೈಟು. ಹಿಂದೆ ನಮ್ಮ ದನದ ಕೊಟ್ಟಿಗೆ ಇದ್ದದ್ದು ಆ ಜಾಗದಲ್ಲೇ. ಅಪ್ಪ ಹೋದರು. ನನ್ನ ಗಂಡನೂ ತೀರಿಕೊಂಡ ಮೇಲೆ ನಾನು ಜಯನಗರದ ಬಾಡಿಗೆ ಮನೆ ಬಿಟ್ಟು ಅಮ್ಮನ ಜೊತೆಗೆ ಬಂದೆ. ನನಗೆ ಮಕ್ಕಳಿಲ್ಲ, ಅಮ್ಮನಿಗೆ ನನ್ನನ್ನು ಬಿಟ್ಟರೆ ಬೇರೆ ಮಕ್ಕಳಿಲ್ಲ. ಮೇಲಿನ ಮನೆಗಳಲ್ಲಿ ಬಾಡಿಗೆಗಿರುವವರು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್ ಹುಡುಗಿಯರು. ನಮ್ಮ ಕಟ್ಟಡದಲ್ಲಿ ಗಂಡು ಎಂದು ಇರುವುದು ಗೇಟಿನ ಬಳಿ ಮಲಗುವ ಬೀದಿನಾಯಿ ಒಂದೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಖಾಲಿ ಸೈಟು ಎಂದೆ. ಬೆಂಗಳೂರಿನಲ್ಲಿ ಯಾವ ಸೈಟೂ ಖಾಲಿ ಇರುವುದಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಬೈಕು ನಿಲ್ಲಿಸದೆಯೇ ಕವರು ಎಸೆದು ಹೋಗುವ ಕಲೆಯಲ್ಲಿ ನಮ್ಮ ಬಡಾವಣೆಯವರು ಪಳಗಿದವರು. ಮಕ್ಕಳ ಡಯಾಪರ್, ಕೋಳಿಯ ಪುಕ್ಕ, ಬೀರಿನ ಬಾಟಲಿ, ಹಳಸಿದ ಚಿತ್ರಾನ್ನ, ತಲೆಗೂದಲಿನ ಉಂಡೆ, ಗಾಜು ಒಡೆದ ದೇವರ ಪಟ. ಬೇಲಿ ಹಾಕಿಸಿದರೆ ಬೇಲಿಯ ಮೇಲಿಂದ ಎಸೆದರು. ‘ಇಲ್ಲಿ ಕಸ ಹಾಕಬಾರದು’ ಎಂದು ಬೋರ್ಡು ಬರೆಸಿದರೆ ಅದರ ಬುಡದಲ್ಲೇ ಉಚ್ಚೆ ಹೊಯ್ದರು. ಅಡುಗೆಮನೆಯ ಕಿಟಕಿ ಆ ಕಡೆಗಿದ್ದದ್ದರಿಂದ ನಾನು ವರ್ಷಗಳ ಕಾಲ ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡಿದೆ.

ಲಾಕ್‌ಡೌನ್ ಬಂತು. ತಳ್ಳುಗಾಡಿಯ ತರಕಾರಿ ನಿಂತುಹೋಯಿತು. ಅಂಗಡಿಯ ಮುಂದೆ ವೃತ್ತ ಬರೆದು ನಿಲ್ಲಿಸುತ್ತಿದ್ದರು, ಸರದಿ ಬರುವಷ್ಟರಲ್ಲಿ ಕೊಳೆತ ಟೊಮೆಟೊ ಬಿಟ್ಟು ಏನೂ ಇರುತ್ತಿರಲಿಲ್ಲ. ಆಗ ನಮ್ಮ ಬಡಾವಣೆಯ ಜನಕ್ಕೆ ಮೊದಲ ಬಾರಿಗೆ, ದುಡ್ಡಿದ್ದರೂ ಊಟ ಸಿಗದೆ ಹೋಗಬಹುದು ಎಂಬ ಹೆದರಿಕೆ ಹುಟ್ಟಿತು. ಎದುರುಮನೆಯವರು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಕೆಲಸದಿಂದ ನಿವೃತ್ತರಾದರೂ ಮೀಟಿಂಗಿನಿಂದ ನಿವೃತ್ತರಾಗದವರು. ಅವರು ಮಾಸ್ಕ್ ಹಾಕಿಕೊಂಡು ಗೇಟಿನ ಹೊರಗೆ ನಿಂತು ಕೂಗಿದರು.

“ಮೇಡಂ, ನಿಮ್ಮ ಸೈಟಲ್ಲಿ ಎಲ್ರೂ ಸೇರಿ ತರಕಾರಿ ಬೆಳೆಯೋಣ. ಇನ್ಮೇಲೆ ಫುಡ್ ಸೆಕ್ಯುರಿಟಿ ನಮ್ಮ ಕೈಯಲ್ಲೇ ಇರ್ಬೇಕು.”

ಆ ಕೈಗಳೇ ಕವರು ಎಸೆದದ್ದು ಎಂದು ಬಾಯಿಗೆ ಬಂದಿತ್ತು. ಕಸ ಹೋದರೆ ಸಾಕು ಎಂದು ನುಂಗಿಕೊಂಡು ಒಪ್ಪಿದೆ.

ಜೆಸಿಬಿ ಬಂದು ಕಸ ಎತ್ತಿದ ದಿನ ನನಗೆ ಎರಡು ಹೊತ್ತು ಊಟ ಸೇರಲಿಲ್ಲ. ಪದರ ಪದರವಾಗಿ ಮೇಲೆದ್ದು ಬಂದದ್ದು ನಮ್ಮ ಅಕ್ಕಪಕ್ಕದವರ ಇಷ್ಟು ವರ್ಷಗಳ ಸಂಸಾರ. ಕೆಮ್ಮಣ್ಣು ತರಿಸಿ ಹರಡಿದರು, ಗೊಬ್ಬರ ಹಾಕಿದರು, ವಾಟ್ಸಾಪ್ ಗುಂಪು ಕಟ್ಟಿದರು. ಮೊದಲ ತಿಂಗಳು ಎಲ್ಲರೂ ಹೊಸ ಟೋಪಿ, ಹೊಸ ಗ್ಲೌಸು ಹಾಕಿಕೊಂಡು ಬಂದರು. ಗುದ್ದಲಿ ಹಿಡಿದು ಫೋಟೋ, ನೀರಿನ ಕ್ಯಾನ್ ಹಿಡಿದು ಫೋಟೋ, ದಂಟಿನ ಮೊಳಕೆಯ ಫೋಟೋ. ಆಫೀಸುಗಳ ಬಾಗಿಲು ತೆರೆದ ಮೇಲೆ ಟೋಪಿಗಳು ಮಾಯವಾದವು. ಉಳಿದವರು ನಾನು, ಅಮ್ಮ, ಮತ್ತು ಆಗಾಗ ಬಂದು ಉಸ್ತುವಾರಿ ನೋಡಿ ಹೋಗುವ ಕಾರ್ಯದರ್ಶಿ.

ಸೊಪ್ಪು ಚೆನ್ನಾಗಿಯೇ ಬಂತು. ಕಟ್ಟು ಕಟ್ಟಿ ಮನೆಮನೆಗೆ ಕೊಟ್ಟೆ. ಎಲ್ಲರೂ ನಗುನಗುತ್ತಾ ಇಸಿದುಕೊಂಡರು. ಕೆಲವೇ ದಿನಗಳಲ್ಲಿ ನನಗೆ ಗೊತ್ತಾಯಿತು, ಅದನ್ನು ಅವರು ತಿನ್ನುತ್ತಿರಲಿಲ್ಲ. ಮನೆಗೆಲಸದವರಿಗೆ ಕೊಡುತ್ತಿದ್ದರು, ಇಲ್ಲವೇ ಹಸುವಿಗೆ ಹಾಕುತ್ತಿದ್ದರು. ಹಿಂದಿನ ಬೀದಿಯ ಒಬ್ಬರು ನೇರವಾಗಿಯೇ ಹೇಳಿದರು, “ಬೇಜಾರು ಮಾಡ್ಕೋಬೇಡಿ ಆಂಟಿ, ಆ ಜಾಗ ನೆನೆಸ್ಕೊಂಡ್ರೆ ವಾಂತಿ ಬರುತ್ತೆ.” ವಾಂತಿ ಬರುವ ಹಾಗೆ ಮಾಡಿದವರು ಯಾರು ತಾಯಿ ಎಂದು ಕೇಳಬೇಕೆನಿಸಿತು. ಆದರೆ ಸುಳ್ಳೇಕೆ, ನನಗೂ ಮೊದಲ ತುತ್ತು ಗಂಟಲಲ್ಲೇ ನಿಂತಿತ್ತು. ಮಡಿ ತೆಗೆಯುವಾಗ ಗಾಜಿನ ಚೂರು, ಪ್ಲಾಸ್ಟಿಕ್ ಸ್ಪೂನು, ಒಂದು ಗೊಂಬೆಯ ಕಾಲು ಸಿಕ್ಕಿದ್ದನ್ನು ನಾನೇ ನೋಡಿದ್ದೆ. ಅಮ್ಮನಿಗೆ ಆ ಯೋಚನೆಯೇ ಇರಲಿಲ್ಲ. ಬಸ್ಸಾರು ಮಾಡಿಸಿಕೊಂಡು ಮುದ್ದೆಯ ಜೊತೆ ಉಂಡಳು, ಕೈ ನೆಕ್ಕಿಕೊಂಡಳು. ಅವಳನ್ನು ನೋಡಿ ನಾನೂ ನುಂಗಿದೆ.

ಎರಡನೆಯ ವರ್ಷದ ಮುಂಗಾರಿಗೆ ಬೂದುಗುಂಬಳ ಹಾಕಬೇಕು ಎಂದು ಹಟ ಹಿಡಿದವಳು ಅಮ್ಮನೇ. ಕೊಟ್ಟಿಗೆಯಿದ್ದ ಕಾಲದಲ್ಲಿ ಅದರ ಸೂರಿನ ಮೇಲೆ ಬಳ್ಳಿ ಹಬ್ಬಿಸುತ್ತಿದ್ದಳಂತೆ. ಮಾಗಿದ ಕಾಯಿಗಳನ್ನು ಹಗ್ಗದಲ್ಲಿ ತೊಲೆಗೆ ನೇತುಹಾಕಿದರೆ ಬೇಸಗೆ ಮುಗಿಯುವವರೆಗೂ ಕೆಡದೆ ಇರುತ್ತಿದ್ದವಂತೆ.

“ಸೊಪ್ಪು ಸಂಜೆಗೇ ಬಾಡೋಗುತ್ತೆ ಕಣೇ. ಬೂದಿ ಬಂದ ಕಾಯಿಗೆ ಫ್ರಿಜ್ಜೂ ಬೇಡ, ಗಿಜ್ಜೂ ಬೇಡ. ನಾಳೆ ಮತ್ತೆ ಊರೆಲ್ಲಾ ಬಾಗಿಲು ಹಾಕಿದ್ರೆ ಇವರೆಲ್ಲಾ ಏನ್ ತಿಂತಾರೆ, ಆ ಫೋನಾ?”

ಉತ್ತರಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಯಿಂದ ಬೀಜ ತರಿಸಿದಳು. ಸೈಟಿನ ಮೂಲೆಯಲ್ಲಿ, ಬಟ್ಟೆ ಒಗೆಯುವ ಹಳೆಯ ಕಲ್ಲಿನ ಪಕ್ಕ, ಗುಣಿ ತೋಡಿಸಿ ಊರಿದಳು. ಬಳ್ಳಿ ಕಾಂಪೌಂಡು ಹತ್ತಿತು, ನೆಲವೆಲ್ಲ ಹರಿಯಿತು. ಎಳೆಯ ಕಾಯಿಗೆ ಮೈತುಂಬ ಚುಚ್ಚುವ ರೋಮ. ಮುಟ್ಟಿದರೆ ಕೈ ಕಡಿಯುತ್ತದೆ. ಬಲಿಯುತ್ತಾ ಬಂದಂತೆ ರೋಮ ಉದುರಿ, ಮೈಮೇಲೆ ವಿಭೂತಿ ಬಳಿದಂತೆ ಬೂದಿ ಕೂರುತ್ತದೆ. ಆಗ ಅದು ತಿನ್ನುವುದಕ್ಕೂ ಕೂಡಿಡುವುದಕ್ಕೂ ಹದ.

ಆದರೆ ಬೂದುಗುಂಬಳಕ್ಕೆ ಒಂದು ಕಟ್ಟಳೆ ಇದೆ. ಇಡೀ ಕಾಯಿಗೆ ಹೆಂಗಸು ಮೊದಲ ಕತ್ತಿ ಹಾಕುವಂತಿಲ್ಲ. ಗಂಡಸು ಒಂದೇಟು ಹಾಕಿ ಎರಡು ಹೋಳು ಮಾಡಿ ಕೊಡಬೇಕು. ಆಮೇಲೆ ಸಿಪ್ಪೆ ತೆಗೆಯುವುದು, ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲವನ್ನೂ ಹೆಂಗಸು ಧಾರಾಳವಾಗಿ ಮಾಡಬಹುದು. ಯಾಕೆ ಎಂದು ನಾನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. “ಹಂಗೇ ಅದು” ಎನ್ನುವುದನ್ನು ಬಿಟ್ಟು ಅಮ್ಮ ಬೇರೆ ಉತ್ತರ ಕೊಟ್ಟಿಲ್ಲ. ಅಪ್ಪ ಇದ್ದಾಗ ಅಪ್ಪ ಹೊಡೆದು ಕೊಡುತ್ತಿದ್ದರು. ಈಗ ಗಂಡುದಿಕ್ಕಿಲ್ಲದ ಮನೆಯಲ್ಲಿ ಗಂಡಸನ್ನು ಎಲ್ಲಿಂದ ತರುವುದು? ಎದುರುಮನೆಯಿಂದ ತಂದೆವು.

ಕಾರ್ಯದರ್ಶಿ ಮಗ್ಗಿ ಹೇಳಲು ಕರೆದ ಹುಡುಗನಂತೆ ಖುಷಿಯಾಗಿ ಬಂದರು. ‘ಫಸ್ಟ್ ಹಾರ್ವೆಸ್ಟ್’ ಎಂದು ಅವರ ಹೆಂಡತಿ ಫೋಟೋ ತೆಗೆದರು. ಕಾರ್ಯದರ್ಶಿ ಮಚ್ಚು ಎತ್ತಿ ಹೊಡೆದರು, ಅದು ಅಡ್ಡಾದಿಡ್ಡಿಯಾಗಿ ಸೀಳಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಧ ಕಾಯಿಯನ್ನು ಅವರಿಗೇ ಕೊಟ್ಟು ಕಳುಹಿಸಿದೆ. ಮಾರನೆಯ ಬೆಳಿಗ್ಗೆ ಕಸದ ಗಾಡಿಗೆ ಅವರ ಮನೆಯ ಬಕೆಟ್ಟು ಸುರಿದಾಗ ಆ ಅರ್ಧ ಕಾಯಿ ಹಾಗೇ ಇಡಿಯಾಗಿ, ಕಾಫಿ ಚರಟ ಮೆತ್ತಿಕೊಂಡು ಉರುಳಿತು. ನಾನು ನಮ್ಮ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರ ಹೆಂಡತಿ ನನ್ನನ್ನು ನೋಡಿ, “ನಮ್ಮನೇಲಿ ಯಾರೂ ಅಷ್ಟಾಗಿ ತಿನ್ನಲ್ಲ” ಎಂದು ನಕ್ಕರು. ಅಂಥ ನಗುವನ್ನು ನೋಡಿದರೆ ನನಗೆ ಅಸಹ್ಯವಾಗುತ್ತದೆ.

ಆ ಮೊದಲ ಕಾಯಿಯನ್ನು ಅಮ್ಮನೂ ಹೆಚ್ಚು ತಿನ್ನಲಿಲ್ಲ. ಇನ್ನೂ ಎಳೆಯದು, ನೀರು ನೀರು ಎಂದಳು. ಅವಳ ಕಣ್ಣಿದ್ದದ್ದು ಒಗೆಯುವ ಕಲ್ಲಿನ ಮೇಲೆ ಕೂತಿದ್ದ ದೊಡ್ಡ ಕಾಯಿಯ ಮೇಲೆ. ಕಲ್ಲಿಗೆ ತಗುಲಿ ಕೊಳೆಯಬಾರದೆಂದು ತನ್ನ ಹಳೆಯ ಸೀರೆ ಹರಿದು ಸಿಂಬಿ ಸುತ್ತಿ ಅದರಡಿಗೆ ಇಟ್ಟಿದ್ದಳು. ಪ್ರತಿದಿನ ಬೆಳಿಗ್ಗೆ ಹೋಗಿ ಬೆರಳಿನಿಂದ ಸವರಿ, ಬೂದಿ ಎಷ್ಟು ಕೂತಿದೆ ಎಂದು ನೋಡಿ ಬರುತ್ತಿದ್ದಳು.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಒಂದು ರಾತ್ರಿ ಮೈ ಕೆಂಡವಾಗಿ, ಮಾತು ತೊದಲತೊಡಗಿದಾಗ, ಆಟೋ ಸಿಗದೆ ನಾನು ಬಡಿದದ್ದು ಕಾರ್ಯದರ್ಶಿಯ ಬಾಗಿಲನ್ನೇ. ಲುಂಗಿಯಲ್ಲೇ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದರು, ಬೆಳಕು ಹರಿಯುವವರೆಗೂ ಕೂತಿದ್ದರು. ಅದನ್ನು ನಾನು ಮರೆಯುವವಳಲ್ಲ. ಕೆಟ್ಟವರನ್ನು ಬೈಯುವುದು ಸುಲಭ. ಒಳ್ಳೆಯವರು ಹೇಸಿಗೆ ಹುಟ್ಟಿಸಿದಾಗ ಅದನ್ನು ಎಲ್ಲಿ ಉಗುಳುವುದು ಎಂದೇ ಗೊತ್ತಾಗುವುದಿಲ್ಲ.

ಜ್ವರ ಬಿಟ್ಟಿತು, ಆದರೆ ಅಮ್ಮನ ಬಾಯಿರುಚಿಯನ್ನು ಕೊಂಡೊಯ್ದಿತು. ಗಂಜಿ ಕೊಟ್ಟರೆ ಮುಖ ತಿರುಗಿಸುವಳು. ಇಡ್ಲಿ ಕೊಟ್ಟರೆ ಮಣ್ಣು ಎನ್ನುವಳು. ತೋಳಿನ ಚರ್ಮ ಜೋಲತೊಡಗಿತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು, ಅವರು ಏನು ಕೇಳಿದರೂ ಕೊಡಿ, ಹೊಟ್ಟೆಗೆ ಏನಾದರೂ ಹೋಗಲೇಬೇಕು, ಈ ವಯಸ್ಸಿನಲ್ಲಿ ಊಟ ಬಿಟ್ಟರೆ ಔಷಧಿ ನಾಟುವುದಿಲ್ಲ ಎಂದರು. ಅಮ್ಮ ಕೇಳುತ್ತಲೇ ಇರಲಿಲ್ಲ. ಒಂದು ದಿನ ತಾನಾಗಿಯೇ ಕೇಳಿದಳು.

“ಸಿಂಬಿ ಮೇಲಿರೋ ಕಾಯಿಗೆ ಬೂದಿ ತುಂಬ್ತಾ?”

“ಇನ್ನೊಂದು ವಾರ ಆಗ್ಬೋದಮ್ಮ.”

“ತುಂಬಿದ್ಮೇಲೆ ಮಜ್ಜಿಗೆ ಹುಳಿ ಮಾಡು. ಅದಾದ್ರೆ ತಿಂತೀನಿ.”

ಇನ್ನೊಂದು ವಾರ ಕಾಯುವಷ್ಟು ತಾಳ್ಮೆ ನನಗೆಲ್ಲಿ? ಬನಶಂಕರಿ ಮಾರುಕಟ್ಟೆಗೆ ಹೋದೆ. ದಸರಾ ಹತ್ತಿರ ಬಂದಿದ್ದರಿಂದ ಫುಟ್‌ಪಾತಿನ ಮೇಲೆಲ್ಲ ಬೂದುಗುಂಬಳದ ಗುಡ್ಡ. ಒಂದನ್ನು ಅಂಗಡಿಯವನ ಕೈಯಲ್ಲೇ ಒಡೆಸಿ ತಂದು ಮಜ್ಜಿಗೆ ಹುಳಿ ಮಾಡಿದೆ. ಅಮ್ಮ ಒಂದು ಹೋಳನ್ನು ಬಾಯಿಗಿಟ್ಟು, ಹಾಗೇ ತಟ್ಟೆಯ ಅಂಚಿಗೆ ಉಗುಳಿದಳು.

“ಇದು ಒಡೆಯೋಕೆ ಬೆಳೆದಿರೋದು ಕಣೇ. ತಿನ್ನೋಕಲ್ಲ.”

ನಾನೂ ರುಚಿ ನೋಡಿದೆ. ಅವಳು ಹೇಳಿದ್ದು ನಿಜ. ಹಬ್ಬಕ್ಕೆ ಮೊದಲು ಊರು ತಲುಪಬೇಕೆಂದು ಬಲಿಯುವ ಮುನ್ನವೇ ಕಿತ್ತ ಕಾಯಿ, ಒದ್ದೆ ಹತ್ತಿ ಅಗಿದಂತಿತ್ತು. ರಸ್ತೆಯಲ್ಲಿ ಕೊಳೆಯುವುದಕ್ಕೆಂದೇ ಎಲ್ಲೋ ಒಬ್ಬರು ನೀರು ಹಾಕಿ, ಗೊಬ್ಬರ ಹಾಕಿ, ಬೆಳೆದು, ಲಾರಿಗೆ ತುಂಬುತ್ತಾರೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಕಾರ್ಯದರ್ಶಿ ಬಂದು, ತಲೆ ಕೆರೆದುಕೊಂಡು ಕೇಳಿದರು. “ಮೇಡಂ, ಆಯುಧಪೂಜೆಗೆ ನಮ್ಮ ಗಾಡಿಗೆ ಒಂದು ಕಾಯಿ ಬೇಕಾಗಿತ್ತು.”

ಅಮ್ಮನನ್ನು ಹೊತ್ತೊಯ್ದ ಗಾಡಿ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ಒಂದೇ ಒಂದು ತಗೊಳ್ಳಿ ಸಾರ್. ಕಾಂಪೌಂಡ್ ಹತ್ರ ಇರೋದು. ಕಲ್ಲಿನ ಮೇಲಿರೋದು ಅಮ್ಮಂಗೆ. ಮಿಕ್ಕಿದ್ದು ಬೇಸಗೆಗೆ ಇಡ್ಬೇಕು” ಎಂದೆ. ಅವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಅಮ್ಮ ಮಲಗಿದ್ದಳು. ಗಟ್ಟಿ ಮೊಸರು ತರೋಣ, ಇವತ್ತು ಅವಳ ಕಾಯಿ ಇಳಿಸಿ, ಪೂಜೆ ಮುಗಿದ ಮೇಲೆ ಕಾರ್ಯದರ್ಶಿಯ ಕೈಯಲ್ಲಿ ಒಂದೇಟು ಹಾಕಿಸಿ ಹುಳಿ ಮಾಡೋಣ ಎಂದುಕೊಂಡು ಹೊರಟೆ. ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಮರಳಿ ಬರುವಾಗ ನಮ್ಮ ರಸ್ತೆಯ ತಿರುವಿನಲ್ಲೇ ಒಂದು ಎಳೆಯ ಕಾಯಿ ಸ್ಕೂಟರಿನ ಮುಂದೆ ಒಡೆದು ಬಿದ್ದಿತ್ತು. ಮೈಮೇಲೆ ಇನ್ನೂ ರೋಮವಿತ್ತು. ಮಾರುಕಟ್ಟೆಯ ಕಾಯಿಗೆ ಲಾರಿಯಲ್ಲಿ ಉಜ್ಜಿ ಉಜ್ಜಿ ರೋಮ ಉಳಿದಿರುವುದಿಲ್ಲ. ಇದು ನಮ್ಮ ಬಳ್ಳಿಯದೇ.

ಸೈಟಿಗೆ ಓಡಿದೆ. ಗೇಟು ಹಾರುಹೊಡೆದಿತ್ತು. ಬಳ್ಳಿಯನ್ನು ಕೊಯ್ದಿರಲಿಲ್ಲ, ಎಳೆದು ಹರಿದಿದ್ದರು. ಬುಡ ಮೇಲೆದ್ದು ಬೇರು ಬಿಸಿಲಿಗೆ ಬಿದ್ದಿತ್ತು. ಬಲಿತದ್ದು, ಎಳೆಯದು, ಹೂವು ಉದುರದ ಹೀಚು, ಒಂದನ್ನೂ ಬಿಟ್ಟಿರಲಿಲ್ಲ. ದಂಟಿನ ಮಡಿಯ ಮೇಲೆಲ್ಲ ಹಬ್ಬದ ಹೊಸ ಚಪ್ಪಲಿಗಳ ಗುರುತು. ಕಲ್ಲಿನ ಮೇಲೆ ಸಿಂಬಿ ಮಾತ್ರ ಕೂತಿತ್ತು.

ಎದುರಿಗೆ ಕಾರ್ಯದರ್ಶಿಯ ಪೂಜೆ ನಡೆಯುತ್ತಿತ್ತು. ತೊಳೆದ ಕಾರು, ಸೇವಂತಿಗೆ ಹಾರ, ಗಾಜಿನ ಮೇಲೆ ಅರಿಸಿನದ ಬೊಟ್ಟು. ಅವರ ಕೈಯಲ್ಲಿ ಅಮ್ಮನ ಕಾಯಿ. ಸಿಂಬಿಯ ಮೇಲೆ ಕೂತು ಕೂತು ಅದರ ತಳಕ್ಕೆ ದುಂಡಗೆ ಒಂದು ಹಳದಿ ಗುರುತು ಬಿದ್ದಿತ್ತು, ಮೋಸ ಹೋಗುವಂತಿರಲಿಲ್ಲ. ತೊಟ್ಟಿನ ಕಡೆ ಚೂರು ಕೆತ್ತಿ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿದ್ದರು.

“ಸಾರ್, ಒಂದು ಅಂತ ಹೇಳಿದ್ದೆ. ಅದೂ ಇದಲ್ಲ.”

“ಗ್ರೂಪಿಗೆ ಒಂದು ಮೆಸೇಜ್ ಹಾಕ್ದೆ ಮೇಡಂ, ಗಾಡಿಗೊಂದು ತಗೊಳ್ಳಿ ಅಂತ. ಎಲ್ರದೂ ಗಾರ್ಡನ್ ಅಲ್ವಾ? ಪಾಪ, ಎಲ್ರಿಗೂ ಎಷ್ಟು ಖುಷಿ ಆಯ್ತು ಗೊತ್ತಾ? ನಾನು ಹೋಗೋ ಹೊತ್ತಿಗೆ ಇದೊಂದೇ ಉಳಿದಿದ್ದು.”

“ಅಮ್ಮ ತಿನ್ನೋಕೆ ಅಂತ ಕಾಯ್ತಿದ್ದಾರೆ ಸಾರ್. ಊಟ ಬಿಟ್ಟು ಎಷ್ಟು ದಿನ ಆಯ್ತು ಅಂತ ನಿಮಗೂ ಗೊತ್ತು.”

ಅವರ ಮುಖದಲ್ಲಿ ನಿಜವಾಗಿಯೂ ಗೊಂದಲ ಕಂಡಿತು. “ತಿನ್ನೋಕೆ ಅಂಗಡೀಲಿ ಸಿಗುತ್ತಲ್ಲ ಮೇಡಂ” ಎಂದರು. “ಈಗ ಕರ್ಪೂರ ಹಚ್ಚಿ ಆಗೋಯ್ತು. ನಿಲ್ಲಿಸ್ಬಾರ್ದು.”

ಕಾರಿನ ಮುಂದೆ ಮೂರು ಸುತ್ತು ಇಳಿತೆಗೆದು, ಎತ್ತಿ ಬಡಿದರು. ದೊಡ್ಡ ಸದ್ದಾಯಿತು. ಮಕ್ಕಳು ಹೋ ಎಂದರು. ಕುಂಕುಮ ತುಂಬಿದ ಮೇಲ್ಭಾಗ ಚೂರುಚೂರಾಗಿ ಚರಂಡಿಯವರೆಗೆ ಹಾರಿತು. ಕೆಳಗಿನ ದಪ್ಪ ಅರ್ಧ ಬೋಗುಣಿಯಂತೆ ರಸ್ತೆಯ ಮಧ್ಯೆ ಬಿದ್ದು ಅಲುಗಾಡಿತು. ಹಸಿದವಳ ಬಾಯಿಂದ ಕಿತ್ತು ಕಾರಿನ ಬಾಯಿಗಿಟ್ಟು, ಕಾರೂ ತಿನ್ನದೆ ಉಗುಳಿದ ಹಾಗಿತ್ತು ಅದು. ನನ್ನ ಕೈಯಲ್ಲಿದ್ದ ಮೊಸರಿನ ಪೊಟ್ಟಣವನ್ನು ಅವರ ಹಾರ ಹಾಕಿದ ಗಾಜಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ ಎಂಬ ವ್ಯಥೆ ಈಗಲೂ ಇದೆ.

ಆಗ ಹಿಂದಿನಿಂದ ಗೇಟಿನ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮ. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದ್ದಳು. ಹಾಸಿಗೆ ಬಿಟ್ಟು ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯುತ್ತಿದ್ದವಳು, ಕಾಂಪೌಂಡು ಹಿಡಿದುಕೊಂಡು ರಸ್ತೆಗೆ ಇಳಿದಳು. ನಾನು ಓಡಿ ಹಿಡಿಯುವಷ್ಟರಲ್ಲಿ ಬಗ್ಗಿ, ಆ ಕೆಳಗಿನ ಅರ್ಧವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೆರಗಿಗೆ ಹಾಕಿಕೊಂಡಳು.

ಪೂಜೆಗೆ ನಿಂತವರೆಲ್ಲ ಹಿಂದೆ ಸರಿದರು. ಕಾರ್ಯದರ್ಶಿಯ ಹೆಂಡತಿ ಮೊಮ್ಮಗಳನ್ನು ಎಳೆದುಕೊಂಡರು.

“ಅಮ್ಮಾ, ಬೇಡಿ!” ಎಂದು ಕಾರ್ಯದರ್ಶಿ ಕೂಗಿದರು. “ದೃಷ್ಟಿ ತೆಗೆದಿರೋ ಕಾಯಿ. ಮುಟ್ಟಬಾರ್ದು, ಇಡೀ ರಸ್ತೆದು ನಿಮಗೆ ಸುತ್ಕೊಳ್ಳುತ್ತೆ!”

ಅಮ್ಮ ಉಸಿರು ಸುಧಾರಿಸಿಕೊಂಡಳು. “ಗಂಡಸು ಒಡೆದಾಯ್ತಲ್ಲಪ್ಪ” ಎಂದಳು. “ಇನ್ನು ನಾವು ಹೆಚ್ಕೋತೀವಿ.”

ಒಳಗೆ ಬಂದ ಮೇಲೆ ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ನಾನು ದೂರ ನಿಂತೆ. ರಸ್ತೆಯ ಮಣ್ಣು ಮೆತ್ತಿತ್ತು, ಒಂದು ಸೇವಂತಿಗೆಯ ಎಸಳು ಅಂಟಿತ್ತು, ಅಂಚಿನಲ್ಲಿ ಕುಂಕುಮದ ಒಂದು ಗೆರೆ. ಆ ರಸ್ತೆಯಲ್ಲಿ ನಾಯಿಗಳು ಏನೇನು ಮಾಡುತ್ತವೆ ಎಂದು ನನಗೆ ಗೊತ್ತು, ಮನುಷ್ಯರು ಏನೇನು ಮಾಡುತ್ತಾರೆ ಎಂದೂ ಗೊತ್ತು.

“ಇದನ್ನ ನಾನು ಬೇಯ್ಸಲ್ಲಮ್ಮ. ಹೇಸಿಗೆ.”

“ಆ ಸೈಟಲ್ಲಿ ಏನೇನಿತ್ತು ಅಂತ ಕಣ್ಣಾರೆ ನೋಡಿದ್ದೀಯ. ಅಲ್ಲಿ ಬೆಳೆದ ಸೊಪ್ಪು ತಿಂದಿಲ್ವಾ? ತೊಳೆದ್ರೆ ಹೋಗುತ್ತೆ ಕಣೇ ರಸ್ತೆ. ಹೊಟ್ಟೇಲಿರೋದು ತೊಳೆದ್ರೆ ಹೋಗಲ್ಲ.”

ಹೊಟ್ಟೆಯಲ್ಲಿರುವ ಕೊಳೆ ಎಂದದ್ದು ಎದುರುಮನೆಯವರದೋ ನನ್ನದೋ ತಿಳಿಯಲಿಲ್ಲ. ನೀರು ಬಿಟ್ಟು ತೊಳೆದೆ, ಉಪ್ಪು ಹಾಕಿ ತೊಳೆದೆ, ಮತ್ತೆ ತೊಳೆದೆ. ಸಿಪ್ಪೆಯನ್ನು ಬೆರಳಿನ ದಪ್ಪಕ್ಕೆ ಹೆರೆದು, ಅಂಚನ್ನೆಲ್ಲ ಕೊಯ್ದು ಎಸೆದೆ. ಒಳಗಿನ ತಿರುಳು ಗಟ್ಟಿಯಾಗಿ, ಬೆಳ್ಳಗೆ, ಏನೂ ಗೊತ್ತಿಲ್ಲದ ಮಗುವಿನ ಹಾಗಿತ್ತು. ಮೂಗು ಸಿಂಡರಿಸಿಕೊಂಡೇ ಹೆಚ್ಚಿದೆ. ಕಡಲೆಬೇಳೆ, ತೆಂಗಿನಕಾಯಿ, ಹಸಿಮೆಣಸಿನಕಾಯಿ ರುಬ್ಬಿ ಹಾಕಿ, ಮೊಸರು ಕಡೆದು ಬಿಟ್ಟು, ಸಾಸಿವೆ ಒಗ್ಗರಣೆ ಕೊಟ್ಟೆ. ಕಿಟಕಿ ತೆರೆದೇ ಇತ್ತು. ಹೊರಗಿನಿಂದ ಕರ್ಪೂರ, ಪೆಟ್ರೋಲು, ಒಡೆದ ಕಾಯಿಗಳ ವಾಸನೆ ಬರುತ್ತಿತ್ತು.

ಅಮ್ಮ ಉಂಡಳು. ಮೊದಲ ಹೋಳನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು, ನಾನು ಉಗುಳುತ್ತಾಳೇನೋ ಎಂದು ನೋಡುತ್ತಿದ್ದೆ. ನುಂಗಿದಳು. ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡಳು. ಸಂಜೆ ಮತ್ತೆ ಕೇಳಿದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಅವಳು ತಿನ್ನುತ್ತಿದ್ದಾಳೆ ಎಂಬ ಸಂತೋಷ, ಏನನ್ನು ತಿನ್ನುವ ಹಾಗಾಯಿತು ಎಂಬ ಜಿಗುಪ್ಸೆ, ಎರಡೂ ಒಟ್ಟಿಗೇ ಬಂದಿದ್ದವು. ತಿಂದಾದ ಮೇಲೆ ಅಮ್ಮ ತಿರುಳಿನ ಬೀಜಗಳನ್ನು ಬೆರಳಿನಿಂದ ಆರಿಸಿ, ಬೂದಿಯಲ್ಲಿ ಉಜ್ಜಲು ಬೂದಿ ಇಲ್ಲವೆಂದು ಸೌದೆ ಒಲೆಯಿಲ್ಲದ ನನ್ನ ಅಡುಗೆಮನೆಯನ್ನು ಬೈದು, ಹಾಗೇ ಒಣಗಲು ಕಿಟಕಿಯಲ್ಲಿ ಹರಡಿದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ದೃಷ್ಟಿ ಕಾಯಿ ತಿಂದ ಮನೆ ಎಂದು ನಮಗೆ ಹೆಸರಾಯಿತು. ಮನೆಯ ಪೂಜೆಗೆ, ಪ್ರಸಾದಕ್ಕೆ ಕರೆಯುವುದನ್ನು ಕೆಲವರು ನಿಲ್ಲಿಸಿದರು. ಕಾರ್ಯದರ್ಶಿ ಮಾತ್ರ ಅಮ್ಮನ ಆರೋಗ್ಯ ವಿಚಾರಿಸುತ್ತಿದ್ದರು, ಗೇಟಿನ ಹೊರಗಿನಿಂದಲೇ, ಲಾಕ್‌ಡೌನಿನಲ್ಲಿ ನಿಂತಿದ್ದಷ್ಟೇ ದೂರದಲ್ಲಿ. ತರಕಾರಿ ಗುಂಪು ತಾನಾಗಿಯೇ ಕರಗಿತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಸೈಟಿಗೆ ಮತ್ತೆ ಕವರುಗಳು ಬೀಳತೊಡಗಿದವು. ಮೊದಲ ಡಯಾಪರನ್ನು ಕೋಲಿನಲ್ಲಿ ಎತ್ತಿ ರಸ್ತೆಯ ಮಧ್ಯಕ್ಕೇ ಹಾಕಿ ಬಂದೆ.

ಮಳೆ ಬಿದ್ದ ಮೇಲೆ ಅಮ್ಮ ಆ ಬೀಜಗಳನ್ನು ಅದೇ ಗುಣಿಗೆ ಊರಿಸಿದಳು. ಬಳ್ಳಿ ಹಬ್ಬಿತು, ಕಾಯಿ ಕಟ್ಟಿತು. ಹಾದುಹೋಗುವವರು ಆಸೆಯ ಕಣ್ಣಿನಿಂದ ನೋಡಿದಾಗಲೆಲ್ಲ ಅವರು ಕೇಳದಿದ್ದರೂ ಹೇಳುತ್ತಿದ್ದೆ, “ಅವತ್ತಿನ ದೃಷ್ಟಿ ಕಾಯಿ ಬೀಜದ್ದು. ಬೇಕಾ?” ಹೇಳಿದ ತಕ್ಷಣ ಅವರ ಮುಖ ಹುಳ ಕಂಡಂತಾಗುತ್ತಿತ್ತು. ಹೆಜ್ಜೆ ಎಳೆದುಕೊಂಡು ರಸ್ತೆಯ ಆ ಬದಿಗೆ ಸರಿಯುತ್ತಿದ್ದರು. ಬಳ್ಳಿಯ ಮೇಲೆ ಕವರು ಎಸೆಯುವುದನ್ನೂ ನಿಲ್ಲಿಸಿದರು, ಎಸೆದ ಕೈಗೆ ಏನಾದರೂ ಸುತ್ತಿಕೊಂಡರೆ ಎಂದು. ಬೇಲಿಗೆ ಆಗದ್ದು, ಬೋರ್ಡಿಗೆ ಆಗದ್ದು, ಅವರ ಹೇಸಿಗೆಯಿಂದ ಆಯಿತು. ಆ ವರ್ಷದ ಆಯುಧಪೂಜೆಗೆ ಎಲ್ಲರೂ ಮಾರುಕಟ್ಟೆಯಿಂದ ತಂದು ಒಡೆದುಕೊಂಡರು. ನಮ್ಮ ಕಾಯಿಗಳು ಮೈತುಂಬ ಬೂದಿ ಹೊದ್ದು ಬಳ್ಳಿಯಲ್ಲೇ ಕೂತಿದ್ದವು.

ಹಬ್ಬ ಕಳೆದು, ರಸ್ತೆಯ ನಾತ ಇಳಿದ ಮೇಲೆ, ಸಿಂಬಿಯ ಮೇಲಿದ್ದದ್ದನ್ನು ಇಳಿಸಿ ತಂದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

“ಎದುರುಮನೆಯವ್ರನ್ನ ಕರಿ. ಒಂದೇಟು ಹಾಕ್ಕೊಟ್ಟು ಹೋಗ್ಲಿ.”

“ಅವರು ಈ ಕಾಯಿ ಮುಟ್ಟಲ್ಲಮ್ಮ.”

“ಬೇರೆ ಯಾರಾದ್ರೂ?”

“ಈ ರಸ್ತೇಲಿ ಯಾವ ಗಂಡಸೂ ಮುಟ್ಟಲ್ಲ.”

ಅಮ್ಮ ಕಾಯಿಯನ್ನು ನೋಡಿದಳು. ನಾನು ಮಚ್ಚು ತೆಗೆದುಕೊಂಡೆ. ಅವಳು ಬೇಡ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೈಯಿಂದ ಕುರ್ಚಿಯ ಹಿಡಿಯನ್ನು ತಳ್ಳಿಕೊಂಡು, ನಿಧಾನವಾಗಿ, ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಳು.

ಒಂದೇ ಏಟಿಗೆ ಸಮನಾಗಿ ಎರಡಾಯಿತು.

“ನಾನು ನೋಡ್ಲಿಲ್ಲ ಕಣೇ” ಎಂದಳು ಅಮ್ಮ, ಗೋಡೆಗೆ. “ಬೇಗ ಬೇಯ್ಸು, ಹಸಿವಾಗ್ತಿದೆ.”